ಬೀಟಲ್ ಬಂದ, ಬೊಂಬಾಯಿಯಲ್ಲಿ ರೀ-ರೆಕಾರ್ಡಿಂಗ್ ಮಾಡಿದ!

ಬೀಟಲ್ಸ್ ಹೆಸರು ಕೇಳದವರುಂಟೇ? ಹಾಡು ಕೇಳದವರಿಗೂ ಹಣೆ ಮುಚ್ಚುವ ಆ ನಾಲ್ಕು ಕ್ರಾಪುಗಳು ಗೊತ್ತು. ಸರಿ, ಹಾಗಾದರೆ ಓದುಗರಿಗೆ ಒಂದು ಪ್ರಶ್ನೆ. ಆ ನಾಲ್ವರಲ್ಲಿ ಮೊಟ್ಟಮೊದಲು ತನ್ನೊಬ್ಬನ ಹೆಸರಿನಲ್ಲಿ ಎಲ್.ಪಿ. ರೆಕಾರ್ಡು ತಂದವನು ಯಾರು? ಜಾನ್ ಲೆನನ್ ಅಂತೀರಾ? ಪಾಲ್ ಮೆಕಾರ್ಟ್ನಿ ಅಂತೀರಾ? ಇಬ್ಬರೂ ಅಲ್ಲ. ಯಾವಾಗಲೂ ಒಂದು ಪಕ್ಕಕ್ಕೆ ನಿಂತು, ಮಾತು ಕಡಿಮೆ ಆಡಿ, ಗಿಟಾರ್ ನುಡಿಸುತ್ತಿದ್ದ ಜಾರ್ಜ್ ಹ್ಯಾರಿಸನ್! (ಪಾಲ್ ಅದಕ್ಕೂ ಮೊದಲೇ 'ದಿ ಫ್ಯಾಮಿಲಿ ವೇ' ಎಂಬ ಚಿತ್ರಕ್ಕೆ ಮಟ್ಟು ಹಾಕಿಕೊಟ್ಟಿದ್ದ, ನಿಜ. ಆದರೆ ಆ ಪ್ಲೇಟು ಬಂದದ್ದು ಜಾರ್ಜ್ ಮಾರ್ಟಿನ್ ವಾದ್ಯವೃಂದದ ಹೆಸರಿನಲ್ಲಿ. ಆದ್ದರಿಂದ ತಕರಾರು ಬೇಡ.)

ರೆಕಾರ್ಡಿನ ಹೆಸರು 'ವಂಡರ್‌ವಾಲ್ ಮ್ಯೂಸಿಕ್'. ಬಂದದ್ದು 1968ರ ನವೆಂಬರ್ 1ರಂದು. ಬೀಟಲ್ಸ್ ಸ್ವಂತವಾಗಿ ಕಟ್ಟಿದ 'ಆಪಲ್' ಕಂಪೆನಿಯ ಮೊದಲ ಎಲ್.ಪಿ. ಅದೇ. ಅದು ಸಿನಿಮಾ ಸಂಗೀತ. ಮತ್ತು ಅದರ ಹತ್ತಿರ ಹತ್ತಿರ ಅರ್ಧ ಭಾಗ ಧ್ವನಿಮುದ್ರಣವಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಬೊಂಬಾಯಿಯಲ್ಲಿ. ನುಡಿಸಿದವರು ನಮ್ಮವರು. ಹಿಂದಿ ಚಿತ್ರದ ಹಾಡುಗಳಲ್ಲಿ ನೀವು ನೂರು ಸಲ ಕೇಳಿರುವ ಕೈಗಳು, ಉಸಿರುಗಳು.

ಇಷ್ಟಿದ್ದೂ ಈ ಪ್ಲೇಟನ್ನು ಕೇಳಿದವರು ಬೆರಳೆಣಿಕೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 49ರವರೆಗೆ ಏರಿತು, ಇಂಗ್ಲೆಂಡಿನ ಪಟ್ಟಿಗೆ ಹತ್ತಲೇ ಇಲ್ಲ. ಮೂರು ವಾರದಲ್ಲಿ ಬೀಟಲ್ಸ್‌ನ ಬಿಳಿ ಕವರಿನ ಜೋಡಿ ಎಲ್.ಪಿ. ಬಂತು ನೋಡಿ, ಅದರ ಅಬ್ಬರದಲ್ಲಿ ಇದು ಕೊಚ್ಚಿಹೋಯಿತು. ಸಂಕ್ರಾಂತಿಗೆ ದೊಡ್ಡ ಸ್ಟಾರಿನ ಚಿತ್ರ ಬಂದಾಗ ಹಿಂದಿನ ವಾರದ ಸಣ್ಣ ಚಿತ್ರಕ್ಕೆ ಆಗುವ ಗತಿ!

ಗೋಡೆಯಲ್ಲಿ ಒಂದು ತೂತು

ಮೊದಲು ಚಿತ್ರದ ಕಥೆ. ನಿರ್ದೇಶಕ ಜೋ ಮಾಸೊ. ಇದು ಅವನ ಮೊದಲ ದೊಡ್ಡ ಚಿತ್ರ. ಕಥಾನಾಯಕ ಒಬ್ಬ ಮುದಿ ವಿಜ್ಞಾನಿ, ಪ್ರೊಫೆಸರ್ ಕಾಲಿನ್ಸ್. ಐರ್ಲೆಂಡಿನ ನಟ ಜಾಕ್ ಮೆಕ್‌ಗೋರನ್ ಈ ಪಾತ್ರ ಮಾಡಿದ. ಹಗಲೆಲ್ಲ ಸೂಕ್ಷ್ಮದರ್ಶಕದಲ್ಲಿ ಕ್ರಿಮಿಗಳನ್ನು ನೋಡುವುದು, ರಾತ್ರಿ ಪುಸ್ತಕ ಪೇಪರುಗಳ ರಾಶಿಯ ನಡುವೆ ಒಬ್ಬನೇ ಕೂರುವುದು. ಒಂದು ದಿನ ಗೋಡೆಯ ತೂತಿನಿಂದ ಬೆಳಕು ತೂರಿಬರುತ್ತದೆ. ಕಣ್ಣಿಟ್ಟು ನೋಡಿದರೆ ಪಕ್ಕದ ಮನೆಯಲ್ಲಿ ಒಬ್ಬ ಮಾಡೆಲ್ ಹುಡುಗಿ. ಹೆಸರು ಪೆನ್ನಿ ಲೇನ್. ಪಾತ್ರಧಾರಿ ಜೇನ್ ಬರ್ಕಿನ್. ಮುಂದೆ ಫ್ರಾನ್ಸಿನಲ್ಲಿ ಮನೆಮಾತಾಗಿ, 2023ರಲ್ಲಿ ತೀರಿಕೊಂಡ ಅದೇ ಬರ್ಕಿನ್. ಪ್ರೊಫೆಸರಿಗೆ ಕ್ರಿಮಿಗಳು ಮರೆತುಹೋಗುತ್ತವೆ. ಒಂದು ತೂತು ಸಾಲದೆ ಗೋಡೆಯಲ್ಲೆಲ್ಲ ತೂತು ಕೊರೆಯುತ್ತಾ ಹೋಗುತ್ತಾನೆ.

ಇಷ್ಟೇ ಕಥೆ. ಚಿತ್ರದಲ್ಲಿ ಮಾತು ಬಹಳ ಕಡಿಮೆ. ಮಾತು ಕಡಿಮೆ ಅಂದಮೇಲೆ ಸಂಗೀತಕ್ಕೆ ಕೆಲಸ ಜಾಸ್ತಿ, ಇದು ನಮ್ಮ ರೀ-ರೆಕಾರ್ಡಿಂಗ್ ಥಿಯೇಟರಿನ ಹುಡುಗನಿಗೂ ಗೊತ್ತು. ಮಾಸೊ ಹ್ಯಾರಿಸನ್ನನ ಬಳಿ ಹೋಗಿ, ನೀನು ಏನು ಕೊಟ್ಟರೂ ಅದನ್ನೇ ಹಾಕುತ್ತೇನೆ ಎಂದು ಮಾತು ಕೊಟ್ಟ. ಸಂಗೀತ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ವರ ಯಾವುದಿದೆ ಹೇಳಿ! ಹ್ಯಾರಿಸನ್ ಅದುವರೆಗೆ ಯಾವ ಚಿತ್ರಕ್ಕೂ ಹಿನ್ನೆಲೆ ಸಂಗೀತ ಕೊಟ್ಟವನಲ್ಲ. ಕೀ ಕೊಡುವ ಸ್ಟಾಪ್ ವಾಚು ಹಿಡಿದು ಟ್ವಿಕೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರ ನೋಡುತ್ತಾ, ಈ ದೃಶ್ಯಕ್ಕೆ ಇಷ್ಟು ಸೆಕೆಂಡು, ಆ ದೃಶ್ಯಕ್ಕೆ ಅಷ್ಟು ಸೆಕೆಂಡು ಅಂತ ಬರೆದುಕೊಂಡ. ಲಂಡನ್ನಿನಲ್ಲಿ ಗಿಟಾರು, ಡ್ರಮ್ಮು, ಪಿಯಾನೋ ತುಣುಕುಗಳು 1967ರ ಕೊನೆಗೇ ಶುರುವಾದವು. ಉಳಿದದ್ದಕ್ಕೆ ವಿಮಾನ ಹತ್ತಿದ.

ಸಿತಾರ್ ಸಿಕ್ಕಿದ್ದೂ ಶೂಟಿಂಗಿನಲ್ಲೇ

ಈ ಹುಚ್ಚು ಹತ್ತಿದ್ದು ಹೇಗೆ? ಅದೂ ಸಿನಿಮಾದಿಂದಲೇ. 1965ರಲ್ಲಿ ಬೀಟಲ್ಸ್ 'ಹೆಲ್ಪ್!' ಎಂಬ ಚಿತ್ರದಲ್ಲಿ ನಟಿಸಿದರು. ಅದರಲ್ಲಿ ಒಂದು ಇಂಡಿಯನ್ ಹೋಟೆಲಿನ ದೃಶ್ಯ. ವಾದ್ಯಗಾರರು ಕೂತು ನುಡಿಸುತ್ತಿರಬೇಕು. ಸೆಟ್ಟಿನಲ್ಲಿದ್ದ ಸಿತಾರನ್ನು ಹ್ಯಾರಿಸನ್ ಕೈಗೆತ್ತಿಕೊಂಡ. ಅದೇ ವರ್ಷದ ಕೊನೆಗೆ 'ನಾರ್ವೀಜಿಯನ್ ವುಡ್' ಹಾಡಿನಲ್ಲಿ ಸಿತಾರ್ ಕೇಳಿಸಿತು. ಮರುವರ್ಷ ಬೊಂಬಾಯಿಗೆ ಬಂದು ಪಂಡಿತ್ ರವಿಶಂಕರರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ದಿನದಿನದ ಪಾಠದಲ್ಲಿ ನೆರವಾದವರು ರವಿಶಂಕರರ ಶಿಷ್ಯ ಶಂಭುದಾಸ್.

ಅವನೊಬ್ಬನೇ ಅಲ್ಲ ಬಿಡಿ. 'ಕಿಂಕ್ಸ್' ಎಂಬ ತಂಡದ ರೇ ಡೇವಿಸ್ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಬೊಂಬಾಯಿಯಲ್ಲಿ ಇಳಿದಿದ್ದ. ಬೆಳಿಗ್ಗೆ ಸಮುದ್ರದ ಕಡೆಯಿಂದ ಬೆಸ್ತರು ಒಟ್ಟಾಗಿ ಹಾಡಿಕೊಂಡು ಹೋಗುವುದು ಕಿವಿಗೆ ಬಿತ್ತು. ಆ ಧಾಟಿ ತಲೆಯಲ್ಲಿ ಕೂತು 1965ರಲ್ಲಿ 'ಸೀ ಮೈ ಫ್ರೆಂಡ್ಸ್' ಹಾಡಾಯಿತು. ಒಂದೂ ಸಿತಾರ್ ಇಲ್ಲ. ಗಿಟಾರಿನಲ್ಲೇ ತಂಬೂರಿಯ ಶ್ರುತಿ ಹಿಡಿದಂತೆ ಗುಂಯ್‌ಗುಡುತ್ತದೆ. 'ಯಾರ್ಡ್‌ಬರ್ಡ್ಸ್' ತಂಡದವರ ಕಥೆ ಇನ್ನೊಂದು ತರಹ. ಅದೇ ವರ್ಷ ತಮ್ಮ 'ಹಾರ್ಟ್ ಫುಲ್ ಆಫ್ ಸೋಲ್' ಹಾಡಿಗೆ ಒಬ್ಬ ಸಿತಾರ್ ವಾದಕರನ್ನು ಸ್ಟುಡಿಯೋಗೆ ಕರೆಸಿದರು, ನುಡಿಸಿಸಿದರು, ಸರಿಹೋಗಲಿಲ್ಲ ಅಂತ ಪಕ್ಕಕ್ಕಿಟ್ಟರು. ಜೆಫ್ ಬೆಕ್ ಅದೇ ಸ್ವರವನ್ನು ಗಿಟಾರಿನಲ್ಲಿ ಗೊರಗೊರ ಮಾಡಿ ನುಡಿಸಿದ. ಹಾಡು ಹಿಟ್ಟಾಯಿತು. ಸಿತಾರಿನವರು ಸಂಬಳ ಎಣಿಸಿಕೊಂಡು ಮನೆಗೆ ಹೋದರು.

ಐದು ದಿನದ ಕಾಲ್ ಶೀಟ್

1968ರ ಜನವರಿ 9ರಿಂದ 13. ಫಿರೋಜ್‌ಷಾ ಮೆಹ್ತಾ ರಸ್ತೆಯಲ್ಲಿದ್ದ ಎಚ್.ಎಂ.ವಿ. ಸ್ಟುಡಿಯೋ. ಸ್ಟುಡಿಯೋ ಅಂದರೆ ಇವತ್ತಿನ ಗಾಜಿನ ಅರಮನೆ ಅಂದುಕೊಳ್ಳಬೇಡಿ. ಆಫೀಸುಗಳಿದ್ದ ಕಟ್ಟಡ. ಹೊರಗಿನ ಬಸ್ಸು ಲಾರಿಗಳ ಸದ್ದು ಒಳಗೆ ಬರುತ್ತಿತ್ತು. ಸಂಜೆ ಆಫೀಸು ಬಿಟ್ಟರೆ ಗುಮಾಸ್ತರೆಲ್ಲ ದಡದಡ ಮೆಟ್ಟಿಲಿಳಿಯುವ ಸದ್ದು. ಕಿವಿಗೊಟ್ಟು ಕೇಳಿದರೆ ಕೆಲವು ತುಣುಕುಗಳಲ್ಲಿ ರಸ್ತೆಯೇ ಸಣ್ಣಗೆ ಕೇಳುತ್ತದೆ ಎಂದು ಹ್ಯಾರಿಸನ್ನೇ ಹೇಳಿಕೊಂಡಿದ್ದಾನೆ. ನನಗಂತೂ ಅದು ದೋಷ ಅನ್ನಿಸಲಿಲ್ಲ. ಸಂಗೀತದ ಹಿಂದೆ ಊರೂ ಇದೆ, ಇರಲಿ!

ಇನ್ನೊಂದು ತೊಂದರೆ. ಬೊಂಬಾಯಿ ಸ್ಟುಡಿಯೋದಲ್ಲಿ ಇದ್ದದ್ದು ಮೋನೋ ಯಂತ್ರ. ಸ್ಟೀರಿಯೋ ಇರಲಿಲ್ಲ. ಆಗ ಗ್ರಾಮಫೋನ್ ಕಂಪೆನಿಯ ದೊಡ್ಡ ಅಧಿಕಾರಿ ಭಾಸ್ಕರ ಮೆನನ್ ಒಂದು ಕೆಲಸ ಮಾಡಿದರು. ಕಲ್ಕತ್ತದಲ್ಲಿದ್ದ ಎರಡು ಟ್ರ್ಯಾಕಿನ ಸ್ಟೀರಿಯೋ ಯಂತ್ರವನ್ನು ರೈಲಿನಲ್ಲಿ ಹಾಕಿಕೊಂಡು ತಾವೇ ತಂದುಕೊಟ್ಟರು! ಲಂಡನ್ನಿನಲ್ಲಿ ಬೀಟಲ್ಸ್‌ಗೆ ನಾಲ್ಕು ಟ್ರ್ಯಾಕು ಸಾಲುತ್ತಿರಲಿಲ್ಲ. ಇಲ್ಲಿ ಎರಡಕ್ಕೇ ಹಬ್ಬ.

ಬಂದ ವಾದ್ಯಗಾರರು ಯಾರು ಯಾರು? ಸರೋದಿನಲ್ಲಿ ಆಶೀಷ್ ಖಾನ್, ಉಸ್ತಾದ್ ಅಲಿ ಅಕ್ಬರ್ ಖಾನರ ಮಗ. ತಬಲಾ ಪಖವಾಜಿನಲ್ಲಿ ಮಹಾಪುರುಷ ಮಿಶ್ರ, ಶಂಕರ ಘೋಷ್. ಸಿತಾರಿನಲ್ಲಿ ಶಂಭುದಾಸ್, ಇಂದ್ರನೀಲ್ ಭಟ್ಟಾಚಾರ್ಯ. ಶಹನಾಯಿಯಲ್ಲಿ ಶರದ್ ಕುಮಾರ್ ಮತ್ತು ಹನುಮಾನ್ ಜಾದವ್. ತಾರ್ ಶಹನಾಯಿ ಎಂಬ ಅಳುಮೋರೆಯ ವಾದ್ಯದಲ್ಲಿ ವಿನಾಯಕ ವೋರಾ. ಹಾರ್ಮೋನಿಯಂ, ತಬಲಾ ತರಂಗ್ ಮುಂತಾದುವಕ್ಕೆ ರಿಜ್‌ರಾಮ್ ದೇಸಾಡ್. ಸಂತೂರಿನಲ್ಲಿ ಶಿವಕುಮಾರ ಶರ್ಮಾ. ಕೊಳಲಿನಲ್ಲಿ ಹರಿಪ್ರಸಾದ್ ಚೌರಾಸಿಯಾ.

ಕೊನೆಯ ಎರಡು ಹೆಸರು ಸಿನಿಮಾ ಓದುಗರಿಗೆ ಬಿಡಿಸಿ ಹೇಳಬೇಕೇ? 1981ರ 'ಸಿಲ್‌ಸಿಲಾ'ಕ್ಕೆ ಸಂಗೀತ ಕೊಟ್ಟ ಶಿವ್-ಹರಿ ಜೋಡಿ ಇವರೇ. ಬೀಟಲ್ ಬಂದಾಗ ಇಬ್ಬರಿಗೂ ಸುಮಾರು ಮೂವತ್ತು ವರ್ಷ. 'ಕಾಲ್ ಆಫ್ ದಿ ವ್ಯಾಲಿ' ರೆಕಾರ್ಡು ಆಗಷ್ಟೇ ಬಂದಿತ್ತು. ಹೊಟ್ಟೆಪಾಡಿಗೆ ಫಿಲ್ಮ್ ಸ್ಟುಡಿಯೋಗಳಲ್ಲಿ ದಿನಗೂಲಿಯಂತೆ ನುಡಿಸುತ್ತಿದ್ದರು. 1965ರ 'ಗೈಡ್' ಚಿತ್ರದಲ್ಲಿ 'ಮೋಸೆ ಛಲ್' ಹಾಡಿಗೆ ತಬಲಾ ಹಿಡಿದದ್ದು ಇದೇ ಶಿವಕುಮಾರ ಶರ್ಮಾ ಅಂತ ಎಷ್ಟು ಜನಕ್ಕೆ ಗೊತ್ತು?

ಇಲ್ಲೇ ಸ್ವಾರಸ್ಯ ಇರುವುದು. ಒಂದು ನಿಮಿಷದೊಳಗೆ ಒಂದು ಭಾವ ಮುಗಿಸಬೇಕು ಅಂದರೆ ಶುದ್ಧ ಶಾಸ್ತ್ರೀಯದ ಹಿರಿಯರಿಗೆ ಕಷ್ಟ. ಅವರಿಗೆ ಆಲಾಪಕ್ಕೇ ಅರ್ಧ ಗಂಟೆ ಬೇಕು. ಸಿನಿಮಾ ಸ್ಟುಡಿಯೋದಲ್ಲಿ ಪಳಗಿದವರಿಗೆ ಅದು ನೀರು ಕುಡಿದಷ್ಟು ಸಲೀಸು. ನಲವತ್ತು ಸೆಕೆಂಡಿನಲ್ಲಿ ನಾಯಕಿಯನ್ನು ಅಳಿಸಿ, ಮುಂದಿನ ಇಪ್ಪತ್ತು ಸೆಕೆಂಡಿನಲ್ಲಿ ನಗಿಸಿ ಎದ್ದುಹೋಗುವವರು! ಹ್ಯಾರಿಸನ್ನನಿಗೆ ಬೇಕಾದದ್ದೂ ಅದೇ.

ಪ್ಲೇಟಿನೊಳಗೆ ಏನಿದೆ?

ಹತ್ತೊಂಬತ್ತು ತುಣುಕು, ಒಟ್ಟು ಮುಕ್ಕಾಲು ಗಂಟೆ. ಹ್ಯಾರಿಸನ್ ಹಾಡುವುದೇ ಇಲ್ಲ. ಬೀಟಲ್ಸ್ ಅಭಿಮಾನಿಗಳು ಮುಖ ಸಿಂಡರಿಸಿದ್ದು ಅದಕ್ಕೇ.

ಶುರುವಾಗುವುದು 'ಮೈಕ್ರೋಬ್ಸ್'ನಿಂದ. ಸೂಕ್ಷ್ಮದರ್ಶಕದ ಕೆಳಗೆ ಕ್ರಿಮಿಗಳು, ಮೇಲೆ ಎರಡು ಶಹನಾಯಿ! ನಾವು ಮದುವೆ ಮಂಟಪದಲ್ಲಿ ಕೇಳುವ ವಾದ್ಯ ಅಲ್ಲಿ ಒಂಟಿ ಮನುಷ್ಯನ ಕೋಣೆಯಲ್ಲಿ ಕೊರಗುತ್ತದೆ. ಅದು ಮುಗಿಯುತ್ತಲೇ ಇಂಗ್ಲೆಂಡಿನ ಮಬ್ಬು ಪಿಯಾನೋ. ಹೀಗೇ ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಜಿಗಿತ. 'ಲವ್ ಸೀನ್' ಇಡೀ ಪ್ಲೇಟಿನ ತಿರುಳು. ಆಶೀಷ್ ಖಾನ್ ಒಮ್ಮೆ ಸರೋದ್ ನುಡಿಸಿದರು, ಅದರ ಮೇಲೆಯೇ ಇನ್ನೊಮ್ಮೆ ನುಡಿಸಿದರು. ಒಂದೇ ಕೈಯ ಎರಡು ಸರೋದು, ಒಂದು ಅವನು, ಒಂದು ಅವಳು, ಮಾತಾಡಿಕೊಂಡ ಹಾಗೆ. ನಮ್ಮ ಎಷ್ಟೋ ಯುಗಳಗೀತೆಗಳಲ್ಲಿ ಇಲ್ಲದ ಸಲಿಗೆ ಇದರಲ್ಲಿದೆ. 'ಕ್ರೈಯಿಂಗ್' ಒಂದು ನಿಮಿಷ ಚಿಲ್ಲರೆ; ತಾರ್ ಶಹನಾಯಿ ಬಿಕ್ಕುತ್ತದೆ, ಅಷ್ಟೆ. 'ಸ್ಕೀಯಿಂಗ್'ನಲ್ಲಿ ಎರಿಕ್ ಕ್ಲಾಪ್ಟನ್ ಸ್ವಂತ ಹೆಸರು ಹಾಕಿಕೊಳ್ಳದೆ ಗಿಟಾರ್ ನುಡಿಸಿದ್ದಾನೆ, ಡ್ರಮ್ಮಿನ ಮುಂದೆ ರಿಂಗೋ. ಗಿಟಾರು ನಿಂತ ಕಡೆ ಸಿತಾರು ಎದ್ದುಬರುತ್ತದೆ, ಹೊಲಿಗೆ ಕಾಣುವುದಿಲ್ಲ. 'ಡ್ರೀಮ್ ಸೀನ್'ನಲ್ಲಿ ಟೇಪನ್ನು ಹಿಂದುಮುಂದು ಓಡಿಸಿ, ಕತ್ತರಿಸಿ, ಅಂಟಿಸಿ ಒಂದು ಕನಸು ಕಟ್ಟಿದ್ದಾನೆ. ಜಾನ್ ಲೆನನ್ ಇದೇ ಆಟವನ್ನು 'ರೆವಲ್ಯೂಷನ್ 9'ರಲ್ಲಿ ಆಡಿದ್ದು ಆಮೇಲೆ. ಹೆಸರು ಬಂದದ್ದು ಮಾತ್ರ ಲೆನನ್ನನಿಗೆ.

'ಕೌಬಾಯ್ ಮ್ಯೂಸಿಕ್' ತರಹದ ಒಂದೆರಡು ತುಣುಕು ನನಗೆ ಹಿಡಿಸಲಿಲ್ಲ. ಚಿತ್ರದಲ್ಲಿ ಸರಿ, ಪ್ಲೇಟಿನಲ್ಲಿ ಬರೀ ಜಾಗ ತುಂಬಿಸಿದ ಹಾಗಿದೆ.

ಹಾಗೇ ಬೊಂಬಾಯಿಯ ಅದೇ ದಿನಗಳಲ್ಲಿ ಉಳಿದ ಸಮಯಕ್ಕೆ ಇನ್ನೊಂದು ಮಟ್ಟನ್ನೂ ಮುದ್ರಿಸಿಕೊಂಡ. ಲಂಡನ್ನಿಗೆ ಒಯ್ದು ಅದರ ಮೇಲೆ ತಾನೇ ಹಾಡಿದ. ಅದೇ 'ದಿ ಇನ್ನರ್ ಲೈಟ್'. 1968ರ ಮಾರ್ಚಿನಲ್ಲಿ 'ಲೇಡಿ ಮಡೋನಾ' ಪ್ಲೇಟಿನ ಹಿಂಬದಿಗೆ ಬಂತು. ಬೀಟಲ್ಸ್ ಸಿಂಗಲ್ ಪ್ಲೇಟಿನಲ್ಲಿ ಹ್ಯಾರಿಸನ್ನನ ಹಾಡಿಗೆ ಜಾಗ ಸಿಕ್ಕಿದ್ದು ಅದೇ ಮೊದಲು. ಅದರಲ್ಲಿ ಲಂಡನ್ನಿನ ಒಂದು ವಾದ್ಯವೂ ಇಲ್ಲ!

ಚಿತ್ರದ ಗತಿ ಏನಾಯಿತು? ಮೇ 17ರಂದು ಕಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ. ಫ್ರಾನ್ಸಿನಲ್ಲಿ ಆಗ ವಿದ್ಯಾರ್ಥಿಗಳ ಗಲಭೆ, ಕಾರ್ಮಿಕರ ಮುಷ್ಕರ. ಎರಡೇ ದಿನದಲ್ಲಿ ಚಿತ್ರೋತ್ಸವವೇ ನಿಂತುಹೋಯಿತು! ಲಂಡನ್ನಿನಲ್ಲಿ ಬಿಡುಗಡೆಯಾಗುವಾಗ 1969ರ ಜನವರಿ. ಅಷ್ಟರಲ್ಲಿ ಬಿಸಿ ಆರಿತ್ತು.

ಢೋಲಕ್ ಮಾಸ್ಟರು ಕೇಳಿದ ಪ್ರಶ್ನೆ

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಸಂಗೀತವನ್ನು ಯಾವ ಗುರುವಿನ ಹತ್ತಿರವೂ ಕಲಿತಿಲ್ಲ. ಆದ್ದರಿಂದ ಇಂಥದ್ದು ಸಿಕ್ಕಾಗ ನಮ್ಮ ಬೀದಿಯ ಢೋಲಕ್ ಮಾಸ್ಟರ ಹತ್ತಿರ ಓಡುತ್ತೇನೆ. ಮಾಸ್ಟರಿಗೆ ಅರವತ್ತು ದಾಟಿದೆ. ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಕ್ಕೆ ಬಾರಿಸಿದವರು, ಕ್ಯಾಸೆಟ್ಟಿನ ಕಾಲದಲ್ಲಿ ಭಕ್ತಿಗೀತೆ, ಜನಪದ ಗೀತೆ ಎಷ್ಟಕ್ಕೋ ಬಾರಿಸಿದವರು. ಹೋಟೆಲಿನ ಹೊರಗೆ ಟೀ ಹಿಡಿದು ನಿಂತಿದ್ದರು. ಫೋನಿನಲ್ಲಿ 'ತಬಲಾ ಅಂಡ್ ಪಖವಾಜ್' ಹಚ್ಚಿ ಇಯರ್‌ಫೋನು ಕೊಟ್ಟೆ.

"ಇದ್ಯಾವ ಪಿಕ್ಚರಪ್ಪಾ?" ಅಂದರು.

"ಇಂಗ್ಲಿಷ್ ಪಿಕ್ಚರು ಮಾಸ್ಟ್ರೇ. ಬಾರಿಸಿರೋರು ನಮ್ಮೋರು."

ಕಣ್ಣು ಮುಚ್ಚಿದರು. ಟೀ ಲೋಟದ ಮೇಲೆ ಬೆರಳು ಆಡಿತು. ಒಂದು ನಿಮಿಷದ ತುಣುಕು, ಮುಗಿಯಿತು. ಇನ್ನೊಂದು ಸಲ ಹಾಕು ಅಂದರು. ಮೂರು ಸಲ ಕೇಳಿದರು.

"ಎಡಗಡೆಗೆ ಹಸಿ ಹಿಟ್ಟು ಮೆತ್ತಿದಾರೆ ಕಣೋ. ಆ ಗುಮ್ಕಿ ನೋಡು, ಹೊಟ್ಟೇಲಿ ಹುಟ್ಟಿ ಬರ್ತದೆ. ನಮ್ ಮೃದಂಗದೋರು ರವೆ ಮೆತ್ತಲ್ವಾ, ಹಂಗೆ. ಈಗಿನ ಪ್ಯಾಡಲ್ಲಿ ಇದು ಬರಲ್ಲ. ಸಾಯ್ತೀನಿ ಅಂದ್ರೂ ಬರಲ್ಲ."

ಆಮೇಲೆ ಸುಮ್ಮನೆ ಟೀ ಕುಡಿದರು. ಲೋಟ ಇಟ್ಟು ಕೇಳಿದರು, "ಪ್ಲೇಟಿನ್ ಮೇಲೆ ಇವ್ರ ಹೆಸರು ಹಾಕಿದಾರಾ?"

"ಹಾಕಿದಾರೆ ಮಾಸ್ಟ್ರೇ. ಒಂದೆರಡು ಹೆಸರು ತಪ್ಪುತಪ್ಪಾಗಿ ಅಚ್ಚಾಗಿದೆ."

"ತಪ್ಪಾದ್ರೆ ಏನಂತೆ, ಹಾಕಿದಾರಲ್ಲ!" ಅಂತ ನಕ್ಕರು. "ನಾನು ಒಂದ್ ಕ್ಯಾಸೆಟ್ಟಿಗೆ ಎರಡು ರಾತ್ರಿ ನಿದ್ದೆಗೆಟ್ಟು ಬಾರಿಸ್ದೆ. ಚೆನ್ನಾಗಿ ಓಡ್ತು ಅದು. ಕವರ್ ಮೇಲೆ ಹಾಡಿದೋರ ಫೋಟೋ, ಬರೆದೋರ ಹೆಸರು, ಕೊನೆಗೆ ಅಂಗಡಿ ಅಡ್ರೆಸ್ಸು ಕೂಡ ಇತ್ತು. ನಮ್ಮನೇವಳು ತಿರುಗಿಸಿ ಮುರುಗಿಸಿ ನೋಡಿ, ಎಲ್ರೀ ನಿಮ್ ಹೆಸರು ಅಂದ್ಳು. ಏನ್ ಹೇಳ್ಲಿ? ಒಳಗಡೆ ಇದೀನಿ, ಹಾಕಿ ಕೇಳು ಅಂದೆ."

ಯಾವ ಕಂಪೆನಿ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೆಸರಿನ ಲೆಕ್ಕ

ಆ ಮಾತಿನ ಮೇಲೆ ಹಳೆಯ ಪ್ಲೇಟುಗಳ ಹಿಂಬದಿಯನ್ನು ನೋಡುತ್ತಾ ಹೋದೆ. 1966ರ 'ರಿವಾಲ್ವರ್'ನಲ್ಲಿ 'ಲವ್ ಯೂ ಟೂ' ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಅವರ ಹೆಸರು ಕವರಿನ ಮೇಲಿದೆ. ಮರುವರ್ಷದ 'ಸಾರ್ಜೆಂಟ್ ಪೆಪ್ಪರ್' ಜಗತ್ತಿನ ಅತಿ ಹೆಸರಾದ ರೆಕಾರ್ಡುಗಳಲ್ಲಿ ಒಂದು. ಅದರಲ್ಲಿ 'ವಿದಿನ್ ಯೂ ವಿದೌಟ್ ಯೂ' ಹಾಡಿಗೆ ದಿಲ್‌ರುಬಾ, ತಬಲಾ, ತಂಬೂರಿ ಹಿಡಿದವರು ಲಂಡನ್ನಿನಲ್ಲಿದ್ದ ಭಾರತೀಯರು. ಕವರಿನ ಮೇಲೆ ಎಷ್ಟೊಂದು ಮುಖಗಳಿವೆ, ಇವರ ಹೆಸರು ಒಂದೂ ಇಲ್ಲ! ಅನ್ನಾ ಜೋಷಿ, ಅಮೃತ್ ಗಜ್ಜರ್, ಬುದ್ಧದೇವ ಕನ್ಸಾರಾ, ನಟವರ್ ಸೋನಿ ಎಂಬ ಹೆಸರುಗಳು ಲೋಕಕ್ಕೆ ಸರಿಯಾಗಿ ತಿಳಿದದ್ದು ಐವತ್ತು ವರ್ಷ ಕಳೆದು 2017ರಲ್ಲಿ. ಆ ಹಾಡನ್ನು ಅಷ್ಟೂ ವರ್ಷ ಕೋಟಿ ಜನ ಕೇಳಿದ್ದರು. ಅದರ ಪಕ್ಕದಲ್ಲಿಟ್ಟು ನೋಡಿದರೆ 'ವಂಡರ್‌ವಾಲ್' ಕವರಿನ ಕೆಟ್ಟ ಕಾಗುಣಿತವೂ ಮುದ್ದಾಗಿ ಕಾಣುತ್ತದೆ.

ಇನ್ನೊಂದು ಪ್ಲೇಟು ನೋಡಿ. 'ರೋಲಿಂಗ್ ಸ್ಟೋನ್ಸ್' ತಂಡದ ಬ್ರಯಾನ್ ಜೋನ್ಸ್ 1968ರಲ್ಲಿ ಮೊರಾಕ್ಕೋ ದೇಶದ ಜುಜುಕಾ ಎಂಬ ಬೆಟ್ಟದ ಹಳ್ಳಿಗೆ ಟೇಪ್ ರೆಕಾರ್ಡರ್ ಹೊತ್ತು ಹೋದ. ಅಲ್ಲಿ ತಲೆತಲಾಂತರದಿಂದ ಓಲಗ, ಡೋಲು ನುಡಿಸುವವರಿದ್ದಾರೆ. ಮುದ್ರಿಸಿಕೊಂಡು ಬಂದ. ಮರುವರ್ಷ ತೀರಿಕೊಂಡ. ಪ್ಲೇಟು ಬಂದದ್ದು 1971ರಲ್ಲಿ. ಶೀರ್ಷಿಕೆಯಲ್ಲಿ ಮೊದಲ ಹೆಸರೇ ಬ್ರಯಾನ್ ಜೋನ್ಸ್. ಅದರಲ್ಲಿ ಅವನು ಒಂದು ಸ್ವರವನ್ನೂ ನುಡಿಸಿಲ್ಲ! ಸ್ಟುಡಿಯೋದಲ್ಲಿ ಟೇಪನ್ನು ಅಲೆಅಲೆಯಾಗಿ ತಿರುಚಿದ್ದು ಅವನ ಕೈಚಳಕ, ಒಪ್ಪೋಣ. ಕೇಳಲು ಮೈ ಜುಂ ಎನ್ನುತ್ತದೆ. ನಮ್ಮ ಕರಾವಳಿಯ ಭೂತಕೋಲದ ರಾತ್ರಿ ನೋಡಿದವರಿಗೆ ಆ ಬಿಸಿ ಥಟ್ಟನೆ ಗುರುತು ಸಿಗುತ್ತದೆ.

ಉದಯಶಂಕರರ ಮಗ

ನಮ್ಮವರೇ ಹೋಗಿ ಮಾಡಿದ ರಾಕ್ ಪ್ಲೇಟುಗಳೂ ಇವೆ. ನೃತ್ಯಗಾರ ಉದಯಶಂಕರರ ಮಗ, ರವಿಶಂಕರರ ಅಣ್ಣನ ಮಗ ಆನಂದ ಶಂಕರ್. 1970ರಲ್ಲಿ ಅಮೆರಿಕದ ರಿಪ್ರೈಸ್ ಕಂಪೆನಿಗೆ ಸಿತಾರು ಮತ್ತು ಮೂಗ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಬೆರೆಸಿ ರೆಕಾರ್ಡು ಮಾಡಿದರು. ರೋಲಿಂಗ್ ಸ್ಟೋನ್ಸ್ ಹಾಡು, ಡೋರ್ಸ್ ಹಾಡು ಸಿತಾರಿನಲ್ಲಿ! ಬಿಗುಮಾನದವರು ಸರ್ಕಸ್ಸು ಅಂದರು. ಕಲ್ಕತ್ತಕ್ಕೆ ಹಿಂದಿರುಗಿ ಮೃಣಾಲ್ ಸೇನರ 'ಕೋರಸ್' ಚಿತ್ರಕ್ಕೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದರು. 1975ರ ಪ್ಲೇಟಿನ 'ಸ್ಟ್ರೀಟ್ಸ್ ಆಫ್ ಕಲ್ಕತ್ತಾ', 'ಡ್ಯಾನ್ಸಿಂಗ್ ಡ್ರಮ್ಸ್' ಇಪ್ಪತ್ತು ವರ್ಷ ಮಲಗಿದ್ದವು. 1990ರ ದಶಕದಲ್ಲಿ ಲಂಡನ್ನಿನ ಡಿ.ಜೆ.ಗಳು ಧೂಳು ಒರೆಸಿ ಹಾಕಿದರು, ಹುಡುಗರು ಕುಣಿದರು. ಹೊಸ ಹುಡುಗರ ಜೊತೆ ಇಂಗ್ಲೆಂಡಿನಲ್ಲಿ ಕಛೇರಿಗಳನ್ನೂ ಕೊಟ್ಟರು. ಆನಂದ ಶಂಕರ್ 1999ರಲ್ಲಿ ತೀರಿಕೊಂಡರು.

ಬೊಂಬಾಯಿಯ ಆ ಆಶೀಷ್ ಖಾನ್ ಕೂಡ ಅಮೆರಿಕದಲ್ಲಿ ಇನ್ನೂ ಎಳೆಯ ಹುಡುಗನಾಗಿದ್ದ ಜಾಕೀರ್ ಹುಸೇನರನ್ನು ಸೇರಿಸಿಕೊಂಡು 'ಶಾಂತಿ' ಎಂಬ ರಾಕ್ ತಂಡ ಕಟ್ಟಿದರು. 1971ರಲ್ಲಿ ಒಂದೇ ಒಂದು ಎಲ್.ಪಿ. ಬಂತು, ತಂಡ ಚದುರಿತು. ಇಬ್ಬರೂ 2024ರಲ್ಲಿ, ಒಂದೇ ತಿಂಗಳ ಅಂತರದಲ್ಲಿ ಹೋಗಿಬಿಟ್ಟರು.

ಮ್ಯೂನಿಕ್ ಬಸ್ಸು, ಬೆಂಗಳೂರು ಮೃದಂಗ

ಈಗ ನಮ್ಮೂರ ಮಾತು. ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಹುಟ್ಟಿದ ರಾಕ್ ತಂಡ 'ಎಂಬ್ರಿಯೋ'. ಕಟ್ಟಿದವನು ಕ್ರಿಸ್ಟಿಯನ್ ಬುರ್ಖಾರ್ಡ್. ಇವರ 1973ರ 'ವೀ ಕೀಪ್ ಆನ್' ಪ್ಲೇಟಿನಲ್ಲಿ ಒಂದು ಆಶ್ಚರ್ಯ ಇದೆ. ರಾಕ್ ಡ್ರಮ್ಮಿನ ನಡುವೆ ನಾಗಸ್ವರ! ಊದಿದವನು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ. ಮಲೇಷ್ಯಾದಲ್ಲಿ ಆ ವಾದ್ಯ ಕೇಳಿ ಮನಸೋತು, ಕಲಿಯಲು ತಮಿಳುನಾಡಿನವರೆಗೆ ಬಂದು ಕೂತ ಮನುಷ್ಯ.

1978ರಲ್ಲಿ ಎಂಬ್ರಿಯೋದವರು ಹೆಂಡತಿ, ಮಕ್ಕಳು, ವಾದ್ಯ, ಟೇಪು ಸಮೇತ ಬಸ್ಸು ಹತ್ತಿ ಭಾರತಕ್ಕೆ ಹೊರಟರು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದರು. ದಾರಿಯಲ್ಲಿ ಸಿಕ್ಕವರ ಜೊತೆ ನುಡಿಸುವುದು, ಮುದ್ರಿಸುವುದು. ಕಾಬೂಲಿನ ವಾದ್ಯಗಾರರ ಜೊತೆಯೂ ನುಡಿಸಿದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ವರ್ಷದ ಕೊನೆಗೆ ಕಾಬೂಲಿಗೆ ಸೋವಿಯತ್ ಸೈನ್ಯ ನುಗ್ಗಿತು. ಆ ದಾರಿಯೇ ಮುಚ್ಚಿಹೋಯಿತು. ಆ ಪಯಣದ 'ಎಂಬ್ರಿಯೋಸ್ ರೈಸೆ' ಜೋಡಿ ಎಲ್.ಪಿ. 1979ರಲ್ಲಿ ಬಂತು. ವೆರ್ನರ್ ಪೆಂಜೆಲ್ ಅದನ್ನು ಚಿತ್ರವಾಗಿಯೂ ತೆಗೆದ, 'ವಾಗಾಬುಂಡೆನ್ ಕರವಾನೆ' ಅಂತ. ಅಲೆಮಾರಿಗಳ ಸಾರ್ಥವಾಹ ಅಂದುಕೊಳ್ಳಿ. ಹಾಡು ಕುಣಿತ ಇರುವ ರಸ್ತೆ ಚಿತ್ರಗಳು ಇವತ್ತು ಎಷ್ಟೋ ಬರುತ್ತವೆ. ಅದರ ಗಡ್ಡದ ಹುಡುಗರು ನಿಜಕ್ಕೂ ಗೇರ್‌ಬಾಕ್ಸ್ ಎಣ್ಣೆಯ ವಾಸನೆ ಹೊಡೆಯುತ್ತಾರೆ.

1980ರಲ್ಲಿ ಬಂದ 'ಲೈಫ್' ಎಂಬ ಪ್ಲೇಟು ನನ್ನ ಲೆಕ್ಕದಲ್ಲಿ ಈ ಇಡೀ ಬಗೆಯ ರೆಕಾರ್ಡುಗಳಲ್ಲೇ ಎತ್ತರದ್ದು. ಕವರಿನ ಮೇಲೆ ಎಂಬ್ರಿಯೋ ಹೆಸರಿನ ಜೊತೆಜೊತೆಗೇ ಇರುವ ಹೆಸರು 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್'. ನಮ್ಮ ಬೆಂಗಳೂರಿನದು! ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಆರಂಭಿಸಿದ ತಾಳವಾದ್ಯದ ಶಾಲೆ. ಮಣಿಯವರ ಮೃದಂಗ, ಅವರ ಪತ್ನಿ ಆರ್.ಎ. ರಮಾಮಣಿಯವರ ಹಾಡು, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜಿರ. ಇಲ್ಲಿ ಯಾರೂ ಯಾರಿಗೂ ಹಿನ್ನೆಲೆಯಲ್ಲ. ಜರ್ಮನಿಯವರು ಏಳು ಮಾತ್ರೆಯ ಲೆಕ್ಕದಲ್ಲಿ ಓಡುತ್ತಿದ್ದರೆ, ರಮಾಮಣಿಯವರ ದನಿ ಗುಬ್ಬಿಯ ಹಾಗೆ ತಾಳದಿಂದ ತಾಳಕ್ಕೆ ಹಾರಿ ಸಮಕ್ಕೆ ಸರಿಯಾಗಿ ಬಂದು ಕೂರುತ್ತದೆ. ಮೊದಲ ಸಲ ಕೇಳಿದಾಗ ಬೆಂಗಳೂರಿನ ಸಿಟಿ ಬಸ್ಸಿನಲ್ಲಿದ್ದೆ. ಸ್ಟಾಪು ದಾಟಿಹೋಯಿತು.

ಇದೇ ಶಾಲೆಯಲ್ಲಿ ತವಿಲ್ ಕಲಿತ ಇನ್ನೊಬ್ಬರು ರಮೇಶ್ ಶೋಥಂ. 1970ರ ದಶಕದಲ್ಲಿ 'ಹ್ಯೂಮನ್ ಬಾಂಡೇಜ್' ಎಂಬ ಹೆಸರಾಂತ ರಾಕ್ ತಂಡದ ಡ್ರಮ್ಮರ್. ಡ್ರಮ್ಮಿನಿಂದ ತವಿಲಿಗೆ ಬಂದು, ಜರ್ಮನಿಗೆ ಹೋಗಿ ನೆಲೆಸಿದರು. ಗಿಟಾರು ಹಿಡಿದವನು ಇಲ್ಲಿಗೆ ಬಂದ, ಇಲ್ಲಿಯ ರಾಕ್ ಹುಡುಗ ತವಿಲು ಹೊತ್ತು ಅಲ್ಲಿಗೆ ಹೋದ!

ಚಾರ್ಲಿ ಮರಿಯಾನೋ ಈ ನಾಲ್ವರ ಜೊತೆ 1983ರಲ್ಲಿ ಜರ್ಮನಿಯಲ್ಲಿ 'ಜ್ಯೋತಿ' ಮುದ್ರಿಸಿದ. ಡ್ರಮ್ಮಿಲ್ಲ, ಗಿಟಾರಿಲ್ಲ, ರಾಕ್ ಅನ್ನಲಾಗದು. ಆದರೆ 'ಲೈಫ್' ಕೇಳಿದವರು ಇದನ್ನು ಬಿಡಬಾರದು. ಎಂಬ್ರಿಯೋದಿಂದ ಒಡೆದು ಹೊರಬಂದವರು 1981ರಲ್ಲಿ 'ಡಿಸಿಡೆಂಟನ್' ಎಂಬ ತಂಡ ಕಟ್ಟಿ, ಮರುವರ್ಷ 'ಜರ್ಮನಿಸ್ತಾನ್' ಎಂಬ ಪ್ಲೇಟಿಗೂ, 1993ರಲ್ಲಿ 'ದಿ ಜಂಗಲ್ ಬುಕ್' ಎಂಬುದಕ್ಕೂ ನಮ್ಮ ಬೆಂಗಳೂರಿನವರನ್ನೇ ಜೊತೆಗಿಟ್ಟುಕೊಂಡರು.

ಇಂಥ ಪ್ಲೇಟುಗಳನ್ನು ಅಂಗಡಿಯವರು ಎಲ್ಲಿಡಬೇಕು ಅಂತ ತಿಳಿಯದೆ ಒದ್ದಾಡುತ್ತಿದ್ದರು. ರಾಕ್ ಕಪಾಟಿನಲ್ಲೋ? ಜಾಝ್‌ನಲ್ಲೋ? 1987ರ ಬೇಸಿಗೆಯಲ್ಲಿ ಸಣ್ಣ ಸಣ್ಣ ರೆಕಾರ್ಡು ಕಂಪೆನಿಯವರು ಲಂಡನ್ನಿನ ಒಂದು ಪಬ್ಬಿನಲ್ಲಿ ಸಭೆ ಸೇರಿ 'ವರ್ಲ್ಡ್ ಮ್ಯೂಸಿಕ್' ಎಂಬ ಚೀಟಿ ಅಂಟಿಸೋಣ ಎಂದು ಗೊತ್ತು ಮಾಡಿದರು. ಬೊಂಬಾಯಿಯ ಆ ಐದು ದಿನ ಕಳೆದು ಆಗ ಹತ್ತೊಂಬತ್ತು ವರ್ಷವಾಗಿತ್ತು.

ಹ್ಯಾರಿಸನ್ 2001ರಲ್ಲಿ ತೀರಿಕೊಂಡ. ಶಿವಕುಮಾರ ಶರ್ಮಾ 2022ರಲ್ಲಿ. ಬುರ್ಖಾರ್ಡ್ 2018ರಲ್ಲಿ ಹೋದಮೇಲೆ ಎಂಬ್ರಿಯೋವನ್ನು ನಡೆಸುತ್ತಿರುವವಳು ಅವನ ಮಗಳು ಮಾರ್ಯಾ.

ಕೇಳಬೇಕೆನ್ನುವ ಓದುಗರಿಗೆ ಒಂದು ಕಿವಿಮಾತು. 'ವಂಡರ್‌ವಾಲ್ ಮ್ಯೂಸಿಕ್' ಫೋನಿನಲ್ಲೇ ಸಿಗುತ್ತದೆ. ಆದರೆ ಬರೀ 'ವಂಡರ್‌ವಾಲ್' ಅಂತ ಒತ್ತಿದರೆ ಒಯಾಸಿಸ್ ಎಂಬ ತಂಡದ 1995ರ ಹಾಡು ಬಂದು ಕೂರುತ್ತದೆ. ಆ ಹೆಸರು ಅವರು ತೆಗೆದುಕೊಂಡದ್ದೂ ಈ ಪ್ಲೇಟಿನಿಂದಲೇ! ಹ್ಯಾರಿಸನ್ನನ ಹೆಸರನ್ನೂ ಸೇರಿಸಿ ಹುಡುಕಿ. ಮೊದಲು 'ಲವ್ ಸೀನ್' ಕೇಳಿ, ಆಮೇಲೆ 'ಮೈಕ್ರೋಬ್ಸ್'ನಿಂದ ಶುರು ಮಾಡಿ. ಇಯರ್‌ಫೋನು ಎರಡೂ ಕಿವಿಗೆ ಇರಲಿ. ಒಂದು ಸರೋದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ.